ಮುಟ್ಟಬೇಡವೆಂದ ಕೈ

ಗೋಡೆಯ ಚಿತ್ರದಲ್ಲಿ ಸಮಾಧಿಯಿಂದ ಎದ್ದುಬಂದ ಯೇಸುವಿನ ಮುಂದೆ ಮಂಡಿಯೂರಿದ್ದ ಶಿಷ್ಯೆ ಮರಿಯಳನ್ನು ಚರ್ಚಿನ ಹಿರಿಯರು ಬಿಳಿ ಬಣ್ಣ ಹೊಡೆಸಿ ಅಳಿಸಿದರು. ಚಿತ್ರ ಬರೆದವನು ಅವಳಿಗೆ ಅಲ್ಲಿ ನೆಲ ಒರೆಸುತ್ತಿದ್ದ ನನ್ನಕ್ಕನ ಮುಖ ಕೊಟ್ಟಿದ್ದ; ಅದು ಹಿರಿಯರಿಗೆ ಸೇರಲಿಲ್ಲ. ಅಕ್ಕ ಸತ್ತಿದ್ದಳು, ಅವಳದು ಬೇರೆ ಪಟವಿರಲಿಲ್ಲ. ನನ್ನನ್ನು "ಊಟ ಆಯ್ತೇನೇ?" ಎಂದು ಕೇಳುತ್ತಿದ್ದವಳು ಅವಳೊಬ್ಬಳೇ.

ಮುಖ ಇನ್ನೂ ಮಸುಕಾಗಿ ಕಾಣುತ್ತದೆಂದು ಎರಡನೇ ಕೋಟ್ ಬಳಿಯಲು ಪೇಂಟರಾದ ನನ್ನನ್ನು ಕರೆಸಿದರು. ಮಧ್ಯಾಹ್ನ ಒಬ್ಬಳೇ ಇದ್ದೆ. ವಾರದ ಹಿಂದೆ ಹೊಡೆದ ಬಣ್ಣ ಇನ್ನೂ ಹಸಿಯಾಗಿತ್ತು. ಗೋಡೆಯೆಲ್ಲ ತಣ್ಣಗಿದ್ದರೂ ಅವಳ ಮುಖವಿದ್ದಲ್ಲಿ ಮಾತ್ರ ಮೈಯ ಬಿಸಿಯಿತ್ತು. ಒದ್ದೆ ಬಟ್ಟೆ ಹಿಂಡಿದ ಸದ್ದು ಕೇಳಿ ತಿರುಗಿದೆ. ಯಾರೂ ಇರಲಿಲ್ಲ, ನೆಲವೂ ಒಣಗಿತ್ತು.

ಚಿತ್ರದಲ್ಲಿ ಯೇಸುವಿನ ಕೈ "ನನ್ನನ್ನು ಮುಟ್ಟಬೇಡ" ಎಂದು ಅವಳ ಕಡೆ ಚಾಚಿತ್ತು. ಮತ್ತೆ ಗೋಡೆ ನೋಡಿದಾಗ ಆ ಬೆರಳುಗಳ ತುದಿಗೆ ಹಸಿ ಬಿಳಿ ಬಣ್ಣ ಮೆತ್ತಿಕೊಂಡಿತ್ತು.

ಹಿರಿಯರಲ್ಲೊಬ್ಬರು ಬಂದರು. "ಏನಮ್ಮಾ, ದೇವರ ಕೈಗೂ ಬಳಿದ್ಯಾ? ಕಣ್ಣು ಎಲ್ಲಿಟ್ಟಿದ್ದೆ?"

"ನಾನಿನ್ನೂ ಬ್ರಷ್ಷೇ ಅದ್ದಿಲ್ಲ, ಯಜಮಾನ್ರೇ."

ಅವರು ಅವಳ ಮುಖವಿದ್ದ ಜಾಗ ಮುಟ್ಟಿ, ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡರು. "ಆ ಬೆರಳು ಒರೆಸು. ಅವಳ ಮೇಲೆ ಇನ್ನೊಂದು ಕೋಟ್ ಹೊಡಿ. ಬೇಗ."

"ಒರೆಸಲ್ಲ. ಹೊಡಿಯೋದೂ ಇಲ್ಲ. ಧೈರ್ಯ ಇದ್ರೆ ನೀವೇ ಮಾಡ್ಕೊಳ್ಳಿ," ಎಂದೆ.