ಹೈಡ್ರೋಜನ್ ಪಾಠದ ಭಾನುವಾರಗಳು

ಹಾಲ್ ಟಿಕೆಟ್ ಪಟ್ಟಿಯನ್ನು ಹೇಮಶ್ರೀ ಮೂರು ಸಲ ಓದಿದಳು. ಸುನಿಲ್‌ಕುಮಾರ್ ಎಂಬ ಹೆಸರೇ ಇರಲಿಲ್ಲ.

ಅವಳು ಸಕಲೇಶಪುರದ ಪಿಯು ಕಾಲೇಜೊಂದರಲ್ಲಿ ಫಿಸಿಕ್ಸ್ ಉಪನ್ಯಾಸಕಿ. ವಯಸ್ಸು ಮೂವತ್ತೈದು. ಆನೇಮಹಲ್‌ನಲ್ಲಿ ಬಾಡಿಗೆ ಮನೆ, ಒಬ್ಬಳೇ. ಆರು ತಿಂಗಳ ಹಿಂದಿನವರೆಗೂ ರಜೆಯ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಯಾರೊಡನೆಯೂ ಒಂದು ಮಾತಿಲ್ಲದೆ ಕಳೆಯುತ್ತಿದ್ದಳು.

ಸುನಿಲ್ ಯಸಳೂರಿನ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್. ಹದಿನೆಂಟು ವರ್ಷದ ಹಿಂದೆ ಪಿಯು ಫಿಸಿಕ್ಸಿನಲ್ಲಿ ಫೇಲಾದವನು. ಮತ್ತೆ ಪರೀಕ್ಷೆ ಕಟ್ಟುತ್ತೇನೆಂದು ಆರು ತಿಂಗಳಿಂದ ಪ್ರತಿ ಭಾನುವಾರ ಬಸ್ಸು ಹತ್ತಿ ಬಂದು, ಅವಳ ಜಗುಲಿಯಲ್ಲಿ ಕೂತು ಪಾಠ ಕೇಳುತ್ತಿದ್ದ. ಅವಳ ಕಾಲೇಜಿನಲ್ಲೇ ಅರ್ಜಿ ಹಾಕಿದೆ ಎಂದೂ ಹೇಳಿದ್ದ.

ಮೊದಲ ಪಾಠ ಹೈಡ್ರೋಜನ್. ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್.

"ಇದು ಅದರ ಸುತ್ತ ಸುತ್ತುತ್ತೆ, ಅಲ್ವ ಮೇಡಂ?"

"ಹಾಗಂತ ಚಿತ್ರ ಬರೀತೀವಿ. ನಿಜವಾಗಿ ದಾರಿ ಅಂತ ಇಲ್ಲ. ಎಲ್ಲಿ ಸಿಗೋ ಸಾಧ್ಯತೆ ಎಷ್ಟು ಅಂತ ಮಾತ್ರ ಹೇಳಬಹುದು."

"ಪ್ರೋಟಾನ್ ಎಳೀತಾನೇ ಐತೆ. ಮತ್ಯಾಕೆ ಹೋಗಿ ಅಂಟ್ಕೊಳಲ್ಲ?"

ಯಾವ ವಿದ್ಯಾರ್ಥಿಯೂ ಅದನ್ನು ಕೇಳಿರಲಿಲ್ಲ. "ಹತ್ತಿರ ಒತ್ತಿ ಹಿಡಿದಷ್ಟೂ ಅದರ ಚಡಪಡಿಕೆ ಜಾಸ್ತಿ ಆಗುತ್ತೆ. ಸೆಳೆತ, ಚಡಪಡಿಕೆ ಎರಡೂ ಸರಿತೂಗೋ ಕಡೆ ನೆಲೆ ನಿಲ್ಲುತ್ತೆ."

ಅವನು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

"ಪುಸ್ತಕ ನೋಡಿ."

"ನೋಡ್ತಾನೇ ಇವ್ನಿ ಮೇಡಂ," ಎಂದ, ಕಣ್ಣು ತೆಗೆಯದೆ.

ಈಗ ಈ ಪಟ್ಟಿ. ಭಾನುವಾರ ಅವನು ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು.

"ನಿಮ್ಮ ಹೆಸರಿಲ್ಲ."

ಅವನು ತಲೆ ತಗ್ಗಿಸಿದ. "ಅರ್ಜಿ ಹಾಕಿಲ್ಲ."

"ಸುಳ್ಳು ಹೇಳಿದ್ರಾ?"

"ಕಟ್ಬೇಕು ಅಂತಾನೇ ಬಂದಿದ್ದು. ಅರ್ಜಿ ಹಾಕೋ ದಿನ ಬಂದಾಗ ಹೆದರಿಕೆ ಆಗ್ಬುಡ್ತು."

"ಫೇಲಾಗ್ತೀನಿ ಅಂತಾನಾ?"

"ಪಾಸಾಗ್ಬುಟ್ರೆ ಅಂತ. ಆಮೇಲೆ ಏನಂತ ಹೇಳ್ಕೊಂಡು ಬರ್ಲಿ ಇಲ್ಲಿಗೆ? ಎಸ್ಟೇಟಲ್ಲಿ ದಿನಾ ಎಂಬತ್ತು ಹೆಸರು ಕೂಗ್ತೀನಿ ಮೇಡಂ. ಮನೆಗೆ ಹೋದ್ರೆ ಕರೆಯೋಕೆ ಒಂದು ಹೆಸರಿಲ್ಲ."

ಹೆದ್ದಾರಿಯಲ್ಲಿ ಲಾರಿಯೊಂದು ಹೋಯಿತು. ಹೇಮಶ್ರೀ ಒಳಗೆ ಹೋದಳು. ಗೋಡೆಗೆ ಒರಗಿ ನಿಂತಳು. ಕೋಪವೆಂದುಕೊಂಡಿದ್ದು ಕಣ್ಣಲ್ಲಿ ನೀರಾಗಿತ್ತು. ಮೂರು ದಿನದಿಂದ ಅವಳನ್ನು ಕಾಡಿದ್ದು ಸುಳ್ಳಲ್ಲ, ಅವನು ಇನ್ನು ಬರಲಾರನೆಂಬ ಭಯ.

ಹೊರಗೆ ಬಂದಾಗ ಅವನು ಗೇಟಿನ ಬಳಿ ಹೋಗಿದ್ದ.

"ನಿಲ್ಲಿ," ಎಂದಳು. "ಈ ವರ್ಷದ್ದೇ ಎರಡನೇ ಪರೀಕ್ಷೆಗೆ ತಪ್ಪದೆ ಅರ್ಜಿ ಹಾಕಿ. ಪಾಸಾಗಲೇಬೇಕು."

ಅವನ ಮುಖ ಬಾಡಿತು. "ಆಮೇಲೆ?"

"ಆಮೇಲೆ ಪುಸ್ತಕ ಮನೇಲಿಟ್ಟು ಬನ್ನಿ."