ಬಾಗಿಲ ಕಡೆ, ನಲ್ಲಿ ಕಡೆ

"ಅಯ್ಯೋ, ಇದೇನಕ್ಕ, ಹೀಗೆ ಬಾಯಿ ಬಿಟ್ಕೊಂಡು ನಿಂತಿದೆ!"

ಹಾಗೆ ಕೂಗಿದ್ದು ಸಲೂನಿನ ಮಾಮ. ಊರಿನವರ ತಲೆಗೂದಲನ್ನೆಲ್ಲ ಕತ್ತರಿಸುವ ಅವರ ಸ್ವಂತ ತಲೆಯಲ್ಲಿ ಒಂದೇ ಒಂದು ಕೂದಲಿರಲಿಲ್ಲ. ಈಗ ಆ ಬೋಳುತಲೆಯನ್ನು ಹಿಂದಕ್ಕೆ ವಾಲಿಸಿಕೊಂಡು ಅವರು ತಮ್ಮ ಸಲೂನಿನ ಗೋಡೆಯ ಮೇಲ್ತುದಿಯನ್ನೇ ನೋಡುತ್ತಿದ್ದರು.

ಏಣಿಯ ಮೇಲೆ ಅಮ್ಮ ನಿಂತಿದ್ದಳು. ಅವಳ ತುಟಿಗಳ ನಡುವೆ ಎರಡು ಮೊಳೆಗಳಿದ್ದವು.

ಅಮ್ಮ ಬಡಗಿ. ಗೋಡೆಯೂ ಚಾವಣಿಯೂ ಸೇರುವಲ್ಲಿ ಸುತ್ತಲೂ ಅಂದದ ಮರದ ಪಟ್ಟಿ ಹೊಡೆಯುತ್ತಾರಲ್ಲ, ಅದಕ್ಕೆ ಮೋಲ್ಡಿಂಗ್ ಅನ್ನುತ್ತಾರೆ. ಪಟ್ಟಿಗಳ ತುದಿಯನ್ನು ಓರೆಯಾಗಿ ಕೊಯ್ದು ಒಂದಕ್ಕೊಂದು ಸೇರಿಸಿದರೆ ಮೂಲೆಯಲ್ಲಿ ಕೂದಲೆಳೆಯೂ ತೂರಬಾರದು. ಇಲ್ಲಿ ಮಾತ್ರ ಮಾಮನ ಬಾಚಣಿಗೆ ಡಬ್ಬಿಯನ್ನೇ ತೂರಿಸಬಹುದಿತ್ತು.

ಕೆಳಗೆ ಏಣಿ ಹಿಡಿದುಕೊಂಡಿದ್ದವಳು ಅಮ್ಮನ ಮಗಳು ಸೊಳ್ಳೆ. ಅದು ಅವಳ ಸ್ಕೂಲಿನ ಹೆಸರಲ್ಲ. ಹುಟ್ಟಿದಾಗಿನಿಂದ ಕಿವಿಯಲ್ಲಿ ಗುಂಯ್ ಅನ್ನುತ್ತಲೇ ಇರುತ್ತಾಳೆ ಅಂತ ತಾತ ಇಟ್ಟ ಹೆಸರು. ಹತ್ತು ವರ್ಷವಾದರೂ ಅವಳ ಬಾಯಿ ಒಂದು ನಿಮಿಷ ಮುಚ್ಚಿರುತ್ತಿರಲಿಲ್ಲ.

ಈಗ ಮುಚ್ಚಿತ್ತು.

ಅಮ್ಮ ಮೊಳೆಗಳನ್ನು ತೆಗೆದು ಜೇಬಿಗೆ ಹಾಕಿಕೊಂಡಳು. "ಓರೆ ಉಲ್ಟಾ ಆಗಿದೆ. ಮಿಷನ್ ಮೇಲೆ ಪಟ್ಟಿನ ತಲೆಕೆಳಗೆ ಇಟ್ಟು ಕೊಯ್ಬೇಕಲ್ಲ, ಅಲ್ಲೇ ಎಲ್ಲೋ ನನಗೆ ಗಲಿಬಿಲಿ ಆಗಿರ್ಬೇಕು."

"ನಾಲ್ಕು ಗಂಟೆಗೆ ಓಪನ್ ಅಂತ ಬೋರ್ಡ್ ಹಾಕಿದ್ದೀನಕ್ಕ! ಅಂಗಡಿ ರಿಪೇರಿ ಅಂತ ಮೂರು ವಾರ ಆಯ್ತು ಕತ್ತರಿ ಹಿಡಿದು. ಈ ಬೀದಿ ಗಂಡಸರೆಲ್ಲ ಕರಡಿ ಆಗಿದ್ದಾರೆ."

"ಇನ್ನೊಂದು ಉದ್ದದ ಪಟ್ಟಿ ಉಳಿದಿದೆ. ಗಾಬರಿ ಆಗ್ಬೇಡಿ."

"ಅದೂ ಹೋದ್ರೆ?"

"ಅದೂ ಹೋದ್ರೆ ನಿಮ್ಮ ಜೊತೆ ನಾನೂ ಗಾಬರಿ ಆಗ್ತೀನಿ. ಈ ಡಿಸೈನು ಈಗ ಬರ್ತಾನೇ ಇಲ್ಲ."

ಅಮ್ಮ ಏಣಿ ಇಳಿದು ಹಿತ್ತಲಿಗೆ ಹೊರಟಳು. ಹೋಗುತ್ತ ತನ್ನನ್ನೇ ಬೈದುಕೊಂಡಳು. "ಇಪ್ಪತ್ತು ವರ್ಷದಿಂದ ಇದೇ ಕೆಲಸ. ಮೊದಲ ದಿನ ಬಂದೋಳ ಥರ ಕೊಯ್ದಿದ್ದೀನಿ ನೋಡು. ಕನ್ನಡಕ ಬದಲಾಯಿಸ್ಬೇಕೋ, ತಲೆನೇ ಬದಲಾಯಿಸ್ಬೇಕೋ."

ತಪ್ಪು ಅಮ್ಮನದಲ್ಲ ಅಂತ ಸೊಳ್ಳೆಗೆ ಗೊತ್ತಿತ್ತು.

ಯಾಕೆಂದರೆ ಅಳತೆಯ ಚೀಟಿ ಬರೆದವಳು ಅವಳೇ. ಹೊಸ ಕುರ್ಚಿಗಳ ಮೇಲೆ ಮರದ ಪುಡಿ ಕೂರಬಾರದು ಅಂತ ಅಮ್ಮ ಮಿಷನ್ನನ್ನು ಹಿತ್ತಲಲ್ಲಿ ಇಟ್ಟುಕೊಂಡಿದ್ದಳು. ಒಳಗೆ ಮಾಮ ಟೇಪಿನ ಒಂದು ತುದಿ ಹಿಡಿದರು, ಸೊಳ್ಳೆ ಇನ್ನೊಂದು ತುದಿ ಹಿಡಿದಳು. ಅಳತೆ ಬರೆದಳು, ಸರಿಯಾಗಿಯೇ ಬರೆದಳು. ಅದರ ಕೆಳಗೆ, ಗೋಡೆಗೆ ಮುಖ ಮಾಡಿ ನಿಂತರೆ ಯಾವ ತುದಿಯಲ್ಲಿ ಏನಿದೆ ಎಂದೂ ಬರೆಯಬೇಕಿತ್ತು; ಗೋಡೆಯಿಂದ ಮುಂದೆ ಚಾಚಿದ ಕಂಬಕ್ಕೆ ಒಂದು ಓರೆ, ಒಳಮೂಲೆಗೆ ಇನ್ನೊಂದು. "ಎಡಕ್ಕೆ ಕಂಬ, ಬಲಕ್ಕೆ ಮೂಲೆ" ಎಂದು ದುಂಡಗೆ ಬರೆದಿದ್ದಳು.

ಒಂದನೇ ಕ್ಲಾಸಿನಲ್ಲಿ ಟೀಚರ್ ಹೇಳಿಕೊಟ್ಟಿದ್ದರು: ಮಕ್ಕಳೇ, ಬರೆಯುವ ಕೈಯೇ ಬಲಗೈ. ಎಲ್ಲರೂ ಪೆನ್ಸಿಲ್ ಎತ್ತಿದರು. ಸೊಳ್ಳೆಯೂ ಎತ್ತಿದಳು. ಅವಳು ಬರೆಯುವುದು ಎಡಗೈಯಲ್ಲಿ! ಟೀಚರ್ ಗಮನಿಸಲಿಲ್ಲ. ಆವತ್ತು ತಲೆಯೊಳಗೆ ಉಲ್ಟಾ ಹತ್ತಿದ ಸ್ಕ್ರೂ ಇನ್ನೂ ಬಿಚ್ಚಿರಲಿಲ್ಲ. ನಿಧಾನವಾಗಿ ಯೋಚಿಸಿದರೆ ಒಮ್ಮೊಮ್ಮೆ ಸರಿಹೋಗುತ್ತಿತ್ತು. ಅವಸರದಲ್ಲಿ ಎಂದೂ ಇಲ್ಲ.

ಹೇಳಿಬಿಡಬೇಕು ಅಂದುಕೊಂಡು ಹಿತ್ತಲಿಗೆ ಓಡಿದಳು. ಅಲ್ಲಿ ಅಮ್ಮ ಕಣ್ಣು ಕಿರಿದು ಮಾಡಿಕೊಂಡು ಚೀಟಿ ಓದುತ್ತಿದ್ದಳು. "ಎಡಕ್ಕೆ ಕಂಬ... ಮೊದಲೂ ಹೀಗೇ ಇಟ್ಟಿದ್ದೆ ಅನ್ಸುತ್ತಲ್ಲ?" ಎಂದು ತಲೆ ಕೊಡವಿದಳು. "ಇಲ್ಲ ಬಿಡು, ಇಟ್ಟಿರಲ್ಲ. ಏನೇ, ಏನೋ ಹೇಳೋಕೆ ಬಂದೆ?"

"ಏನಿಲ್ಲ," ಅಂದಳು ಸೊಳ್ಳೆ. ಆ ಮಾತು ಅವಳನ್ನು ಕೇಳದೆಯೇ ಬಾಯಿಂದ ಹೊರಬಿದ್ದಿತ್ತು.

"ಹಾಗಾದ್ರೆ ಗೆರೆ ಆಚೆ ನಿಂತ್ಕೊ. ಕನ್ನಡಕ ಹಾಕ್ಕೊ."

ನೆಲದ ಮೇಲೆ ಅಮ್ಮ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಳು. ಬ್ಲೇಡ್ ತಿರುಗುವಾಗ ಅದನ್ನು ದಾಟುವ ಹಾಗಿಲ್ಲ. ತಾತ ಬಂದರೂ ಇಲ್ಲ, ಮಾಮ ಟೀ ತಂದರೂ ಇಲ್ಲ. ಸೊಳ್ಳೆ ದೊಡ್ಡ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡು ಕಪ್ಪೆಯಂತೆ ನಿಂತಳು.

ಮಿಷನ್ನಿನ ಹೆಸರು ಕಾಂಪೌಂಡ್ ಮೈಟರ್ ಸಾ. ಅದರ ದುಂಡನೆಯ ಬ್ಲೇಡು ಎರಡು ಪಕ್ಕಕ್ಕೂ ತಿರುಗುತ್ತದೆ. ಬೇಕಾದರೆ ವಾಲುತ್ತದೆ ಕೂಡ. ಇವತ್ತು ವಾಲುವ ಕೆಲಸವಿರಲಿಲ್ಲ, ತಿರುಗಿದರೆ ಸಾಕಿತ್ತು. ಅಮ್ಮ ಪ್ಲಗ್ ಕಿತ್ತು, ಬ್ಲೇಡನ್ನು ನಲವತ್ತೈದು ಡಿಗ್ರಿಯ ಗುರುತಿಗೆ ತಿರುಗಿಸಿ ಬಿಗಿ ಮಾಡಿದಳು. ಪಟ್ಟಿಯನ್ನು ತಲೆಕೆಳಗೆ ಇಟ್ಟಳು: ಚಾವಣಿಗೆ ತಾಗುವ ಅಂಚು ಕೆಳಗಿನ ಮಣೆಗೆ, ಗೋಡೆಗೆ ತಾಗುವ ಅಂಚು ಹಿಂದಿನ ತಡೆಗೆ. ಕ್ಲಾಂಪ್ ತಿರುವಿ ಅಲ್ಲಾಡದ ಹಾಗೆ ಕಚ್ಚಿಸಿದಳು. ತೋಳು ಮಡಚಿ, ಜಡೆಯನ್ನು ಗಂಟು ಕಟ್ಟಿಕೊಂಡಳು. ಆಮೇಲೆ ಪ್ಲಗ್ ಹಾಕಿ, ಕಿವಿಗೆ ದಪ್ಪ ಮುಚ್ಚಳ ಏರಿಸಿದಳು. ಈಗ ಪಕ್ಕದಲ್ಲಿ ಆನೆ ಸೀನಿದರೂ ಅಮ್ಮನಿಗೆ ಕೇಳುವಂತಿರಲಿಲ್ಲ.

ಗುರ್‌ರ್‌ರ್ ಎಂದು ಬ್ಲೇಡು ಎದ್ದಿತು.

ಅಮ್ಮ ಯಾವತ್ತೂ ತಕ್ಷಣ ಕೊಯ್ಯುತ್ತಿರಲಿಲ್ಲ. ಬ್ಲೇಡು ಪೂರ್ತಿ ವೇಗಕ್ಕೆ ಬರಲಿ ಅಂತ ಕಾಯುತ್ತಿದ್ದಳು. ಸೊಳ್ಳೆಗೆ ಸಿಕ್ಕಿದ್ದು ಅಷ್ಟೇ ಹೊತ್ತು.

"ಅಮ್ಮಾ! ನಿಲ್ಸು!"

ಕೇಳಲಿಲ್ಲ. ಕಾಲು ಗೆರೆಯ ತನಕ ಹೋಯಿತು. ಓಡಿಹೋಗಿ ಅಮ್ಮನ ಸೆರಗು ಎಳೆಯೋಣ ಅನ್ನಿಸಿತು. ಆದರೆ ಸೆರಗು ಮಿಷನ್ನಿಗೆ ಸಿಕ್ಕೀತು ಅಂತ ಅಮ್ಮ ಸೀರೆಯನ್ನೇ ಉಟ್ಟಿರಲಿಲ್ಲ, ಪ್ಯಾಂಟು ಹಾಕಿದ್ದಳು. ಮೇಲಾಗಿ, ಬ್ಲೇಡ್ ಮುಂದೆ ನಿಂತವರನ್ನು ಹಿಂದಿನಿಂದ ಮುಟ್ಟಿದರೆ ಅವರು ಬೆಚ್ಚುತ್ತಾರೆ. ಬೆಚ್ಚಿದರೆ ಕೈ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು?

ಸೊಳ್ಳೆ ಹಿಂದಕ್ಕೆ ತಿರುಗಿದಳು. ಹಿತ್ತಲ ಬಾಗಿಲ ಪಕ್ಕದ ಗೋಡೆಯಲ್ಲಿ ಸ್ವಿಚ್ ಇತ್ತು. ಓಡಿ ಟಪ್ಪೆಂದು ಆಫ್ ಮಾಡಿದಳು.

ಬ್ಲೇಡು ಊಂ... ಎಂದು ರಾಗ ಎಳೆಯುತ್ತ ನಿಧಾನವಾಗಿ ನಿಂತಿತು. ಅಮ್ಮ ಅದನ್ನು ಇನ್ನೂ ಕೆಳಗೆ ಇಳಿಸಿರಲಿಲ್ಲ. ಕಿವಿಯ ಮುಚ್ಚಳ ತೆಗೆದು, "ಕರೆಂಟ್ ಹೋಯ್ತಾ?" ಅಂದಳು.

"ನಾನೇ ಆಫ್ ಮಾಡ್ದೆ."

ಅಮ್ಮ ಮೊದಲು ಪ್ಲಗ್ ಕಿತ್ತಳು. ಆಮೇಲೆ ಸೊಳ್ಳೆಯ ಕೈ, ಕಾಲು, ಬೆರಳು ಎಲ್ಲ ನೋಡಿದಳು. "ಏನಾಯ್ತು? ಪೆಟ್ಟಾಯ್ತಾ?"

"ಚೀಟಿ ತಪ್ಪು." ಸೊಳ್ಳೆಯ ಕನ್ನಡಕದೊಳಗೆ ಹಬೆ ಕಟ್ಟಿತು. "ಕಂಬ ಆ ಕಡೆ ಇಲ್ಲ. ಈ ಕಡೆ ಇದೆ. ನಂಗೆ ಎಡ ಬಲ ಗೊತ್ತಾಗಲ್ಲ. ನೀನು ಸರಿಯಾಗೇ ಕೊಯ್ದಿದ್ದೆ."

ಹಿತ್ತಲ ಬಾಗಿಲಲ್ಲಿ ಮಾಮ 'ಖುಕ್' ಎಂದರು.

ಅಮ್ಮ ಚೀಟಿ ನೋಡಿದಳು. ಒಳಗೆ ಇಣುಕಿ ಕಂಬ ನೋಡಿದಳು. ಮತ್ತೆ ಚೀಟಿ ನೋಡಿದಳು. ಮುಖ ಕೆಂಪಾಯಿತು. "ಏಣಿ ಹಿಡ್ಕೊಂಡು ನಿಂತಾಗ ಗೊತ್ತಿತ್ತಾ ನಿಂಗೆ?"

"ಹೂಂ."

"ಮತ್ತೆ ಸುಮ್ನೆ ಇದ್ಯಲ್ಲೇ! ನನ್ನ ಕಣ್ಣೇ ಹೋಯ್ತು, ಇನ್ನು ಕೆಲಸ ಬಿಡೋದೇ ಸರಿ ಅಂತ ಇಷ್ಟೊತ್ತು ಒದ್ದಾಡ್ತಿದ್ದೀನಿ ನಾನು. ಎಡ ಬಲ ಗೊತ್ತಾಗಲ್ಲ ಅನ್ನೋದು ಹಾಳಾಗಿ ಹೋಗ್ಲಿ. ಗೊತ್ತಾಗಲ್ಲ ಅಂತ ಹೇಳೋಕೇನು ಬಾಯಿಗೆ ಮೊಳೆ ಹೊಡೆದಿತ್ತಾ?"

"ಹೇಳಿದ್ರೆ ನಗ್ತಾರೆ. ಸ್ಕೂಲಲ್ಲಿ ಎಲ್ರೂ ನಗ್ತಾರೆ. ರಾಂಗ್‌ಸೈಡ್ ಅಂತ ಕರೀತಾರೆ."

"ಇಲ್ಲಿ ಯಾರು ನಗ್ತಾರೆ?"

"ಮಾಮ ನಕ್ರು."

"ನಾನಾ? ನಗ್ಲಿಲ್ಲಮ್ಮ, ಮರದ ಪುಡಿ. ಕೆಮ್ಮಿದೆ." ಮಾಮ ಬೋಳುತಲೆ ಕೆರೆದುಕೊಂಡರು. ಆಮೇಲೆ ಮೆಟ್ಟಿಲ ಮೇಲೆ ಕುಕ್ಕರಿಸಿದರು. "ಸರಿ, ನಕ್ಕೆ. ಯಾಕೆ ಅಂದ್ರೆ ನಂದೂ ಅದೇ ಕತೆ. ಮೂವತ್ತು ವರ್ಷದಿಂದ ಕನ್ನಡಿ ಮುಂದೆ ನಿಂತಿದ್ದೀನಿ. ಗಿರಾಕಿ ಬಂದು 'ಎಡಗಡೆ ಸ್ವಲ್ಪ ತೆಗೀರಿ' ಅಂತಾನೆ. ಯಾರ ಎಡ? ಅವನ ಎಡಾನಾ, ನನ್ನ ಎಡಾನಾ, ಕನ್ನಡಿ ಒಳಗೆ ಕೂತಿದ್ದಾನಲ್ಲ, ಅವನ ಎಡಾನಾ? ಒಂದ್ಸಲ ಒಬ್ಬ ಮದುಮಗನ ಮೀಸೆ, ಬೇಡ ಅಂದ ಕಡೆನೇ ಅರ್ಧ ಬೋಳಿಸಿಬಿಟ್ಟೆ."

"ಆಮೇಲೆ?"

"ಆಮೇಲೆ ಇನ್ನರ್ಧಾನೂ ಬೋಳಿಸ್ದೆ. ಇನ್ನೇನು ಮಾಡ್ಲಿ? ಹುಡುಗಿ ಕಡೆಯವರು ಮದುಮಗ ಎಲ್ಲಿ ಅಂತ ಅವನನ್ನೇ ಕೇಳಿದ್ರಂತೆ."

ಸೊಳ್ಳೆಗೆ ಅಳುವಿನ ನಡುವೆಯೇ ನಗು ಬಂತು. ಮೂಗಿನಿಂದ ಏನೋ ಬಂತು, ತೋಳಿಗೆ ಒರೆಸಿಕೊಂಡಳು.

"ಅವತ್ತಿಂದ ನಾನು ಎಡ ಬಲ ಬಾಯಲ್ಲೇ ತರಲ್ಲ. ಬಾಗಿಲ ಕಡೆನಾ, ನಲ್ಲಿ ಕಡೆನಾ ಅಂತ ಕೇಳ್ತೀನಿ. ಗಿರಾಕಿ ಹೇಗೆ ತಿರುಗಿದ್ರೂ ನಲ್ಲಿ ಜಾಗ ಬಿಟ್ಟು ಕದಲಲ್ಲ."

ಅಮ್ಮನಿಗೆ ಅಷ್ಟು ಸಾಕಾಯಿತು. ಚೀಟಿಯನ್ನು ಪರ್ ಎಂದು ಹರಿದು, ಕಿವಿಯಿಂದ ಪೆನ್ಸಿಲ್ ತೆಗೆದು ಸೊಳ್ಳೆಗೆ ಕೊಟ್ಟಳು. "ಹೋಗು. ಹೊಸ ಚೀಟಿ ತಗೊಂಡ್ ಬಾ. ಎಡ, ಬಲ ಅಂತ ಒಂದಕ್ಷರ ಬರೆದ್ರೆ ನೋಡು ಮತ್ತೆ."

ಸೊಳ್ಳೆ ಮತ್ತೆ ಅಳತೆ ತೆಗೆದು, ಕೆಳಗೆ ಬರೆದಳು: ಬಾಗಿಲ ಕಡೆ ಕಂಬ, ನಲ್ಲಿ ಕಡೆ ಮೂಲೆ. ಸಾಲದು ಅಂತ ಬಾಗಿಲು, ನಲ್ಲಿ ಎರಡರದ್ದೂ ಚಿತ್ರ ಬರೆದಳು. ಪಟ್ಟಿಯ ಬೆನ್ನ ಮೇಲೂ ಆಯಾ ತುದಿಗೆ ಅದೇ ಚಿತ್ರ ಹಾಕಿದಳು. ಈಗ ಪಟ್ಟಿ ತಲೆಕೆಳಗಾದರೂ ಅಡ್ಡಿಯಿರಲಿಲ್ಲ, ಬಾಗಿಲು ಬಾಗಿಲೇ.

ಅಮ್ಮ ಉಳಿದ ಒಳ್ಳೆಯ ಪಟ್ಟಿಯನ್ನು ಮುಟ್ಟಲಿಲ್ಲ. ಮೊದಲು ಹಾಳಾದ ಪಟ್ಟಿಯ ತುದಿಯಿಂದ ಪರೀಕ್ಷೆಗೆಂದು ಎರಡು ತುಂಡು ಕೊಯ್ದಳು. ಪ್ರತಿ ಸಲವೂ ಕೊಯ್ದ ಮೇಲೆ ಬ್ಲೇಡು ಪೂರ್ತಿ ನಿಲ್ಲುವ ತನಕ ಮೇಲೆತ್ತಲಿಲ್ಲ. ನಿಂತ ಮೇಲೆಯೇ ಸೊಳ್ಳೆ ಗೆರೆ ದಾಟಿ ತುಂಡುಗಳನ್ನು ತೆಗೆದುಕೊಂಡು ಓಡಿದಳು. ಸ್ಟೂಲ್ ಹತ್ತಿ ಕಂಬದ ಅಂಚಿಗೆ ಹಿಡಿದಳು. ಮಾಮ ಸ್ಟೂಲ್ ಹಿಡಿದುಕೊಂಡು, ಉಸಿರನ್ನೂ ಹಿಡಿದುಕೊಂಡರು.

"ಕೂತ್ಕೊಳ್ತು!" ಸೊಳ್ಳೆ ಕಿರುಚಿದಳು.

ಆಮೇಲೆ ಒಳ್ಳೆಯ ಪಟ್ಟಿ. ಅಮ್ಮ ಬೇಕಾದುದಕ್ಕಿಂತ ಒಂದು ಗೆರೆಯಷ್ಟು ಉದ್ದವೇ ಕೊಯ್ದು, ಹಚ್ಚಿ ನೋಡಿ, ಕಾಗದದಷ್ಟು ತೆಳ್ಳಗೆ ಮತ್ತೆ ಸವರಿದಳು. ಏಣಿ ಹತ್ತಿ ಅಂಗೈಯಿಂದ ಗುದ್ದಿದಾಗ ಪಟ್ಟಿ ಟಕ್ ಎಂದು ಜಾಗಕ್ಕೆ ಕೂತಿತು. ಮೂಲೆಯ ಬಾಯಿ ಮುಚ್ಚಿತು. ಹಾಳಾದ ಪಟ್ಟಿಯಲ್ಲಿ ಉಳಿದದ್ದು ಬಾಗಿಲ ಮೇಲಿನ ಗಿಡ್ಡ ಗೋಡೆಗೆ ಸಾಕಾಯಿತು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಹೊರಗೆ ಕರಡಿಗಳ ಸಾಲು ನಿಂತಿತ್ತು.

ಮರುದಿನ ಸ್ಕೂಲಿನ ಮೈದಾನದಲ್ಲಿ ಪಿ.ಟಿ. ಪೀರಿಯಡ್. ಎಲ್ಲರೂ ಸ್ಟೇಜಿಗೆ ಮುಖ ಮಾಡಿ ನಿಂತಿದ್ದರು. ಪಿ.ಟಿ. ಸರ್ ಸೀಟಿ ಊದಿ, "ಲೆಫ್ಟ್..." ಎಂದು ಎಳೆದರು.

ಸೊಳ್ಳೆ ಎಂದಿನಂತೆ ಪಕ್ಕದವರ ಭುಜ ನೋಡಲು ಹೊರಟಳು. ಆಮೇಲೆ ಬಿಟ್ಟು, ಕೈ ಎತ್ತಿದಳು.

"ಸರ್, ಟ್ಯಾಂಕ್ ಕಡೆನಾ, ಗೇಟ್ ಕಡೆನಾ?"

ಸರ್ ಬಾಯಿಂದ ಸೀಟಿ ಜಾರಿತು. ಇಡೀ ಕ್ಲಾಸು ಹೋ ಎಂದು ನಕ್ಕಿತು. ಸೊಳ್ಳೆಯ ಕಿವಿ ಬಿಸಿಯಾಯಿತು. ಆದರೂ ಎತ್ತಿದ ಕೈ ಇಳಿಸಲಿಲ್ಲ.

"ಟ್ಯಾಂಕ್ ಕಡೆ ಕಣಮ್ಮ," ಎಂದು ಸರ್ ನೀರಿನ ಟ್ಯಾಂಕಿನತ್ತ ಕೈ ತೋರಿಸಿದರು. "ಲೆಫ್ಟ್ ಟರ್ನ್!"

ಸೊಳ್ಳೆ ತಿರುಗಿದಳು. ತಿರುಗುವ ಮುಂಚೆ ಪಕ್ಕದಲ್ಲಿ ನಿಂತ ಉದ್ದ ಜಡೆಯವಳು ಕಣ್ಣಿಗೆ ಬಿದ್ದಳು. ಎಲ್ಲ ಪರೀಕ್ಷೆಯಲ್ಲೂ ಫಸ್ಟ್ ಬರುವವಳು. ಅವಳು ನಗುತ್ತಿರಲಿಲ್ಲ. ಒಂದು ಹಿಮ್ಮಡಿ ಎತ್ತಿಕೊಂಡು, ಸರ್ ಕೈ ಎತ್ತ ಹೋಗುತ್ತದೆ ಎಂದು ಕಾಯುತ್ತಿದ್ದಳು. ಟ್ಯಾಂಕ್ ಎಂದು ಗೊತ್ತಾದ ಮೇಲೆಯೇ ಅವಳ ಕಾಲು ನೆಲಕ್ಕೆ ಬಂತು.

ಈಗ ಆ ಜಡೆ ಸೊಳ್ಳೆಯ ಮುಂದೆಯೇ ಇತ್ತು. ಇವಳಿಗೂ ಎಡ ಬಲ ಗೊತ್ತಾಗಲ್ಲ ಅಂತ ಕೂಗಿ ಹೇಳಿದರೆ ಇಡೀ ಮೈದಾನಕ್ಕೆ ಕೇಳುತ್ತಿತ್ತು.

"ರೈಟ್..." ಎಂದು ಸರ್ ಮತ್ತೆ ಎಳೆದರು. ಮುಂದಿದ್ದವಳ ಹಿಮ್ಮಡಿ ಮೆಲ್ಲನೆ ಎದ್ದಿತು, ಗಾಳಿಯಲ್ಲೇ ನಿಂತಿತು.

ರೈಟ್ ಎಂದರೆ ಈಗ ತಿರುಗಿದ್ದಕ್ಕೆ ಉಲ್ಟಾ, ಮತ್ತೆ ಮೊದಲಿನ ಕಡೆಗೇ. ಸೊಳ್ಳೆ ಒಂಚೂರು ಮುಂದಕ್ಕೆ ಬಾಗಿ, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ಸ್ಟೇಜ್ ಕಡೆ."