ನಿದ್ದೆ ತರಲು ಹೊರಟ ಅಂಟಿನ ದೋಣಿ

ಬಲು ಹಿಂದೆ, ದೊಡ್ಡದೊಂದು ಸರೋವರದ ದಡದಲ್ಲಿ ನೀಲವತಿ ಎಂಬ ರಾಜ್ಯವಿತ್ತು. ಸರೋವರದ ನಡುಗಡ್ಡೆಯಲ್ಲಿ ಧೂಮಾಕ್ಷನೆಂಬ ಮಾಂತ್ರಿಕನಿದ್ದ. ಅವನು ಇಡೀ ರಾಜ್ಯದ ನಿದ್ದೆಯನ್ನು ಕದ್ದು ಒಂದು ಗಡಿಗೆಯಲ್ಲಿ ತುಂಬಿಟ್ಟುಕೊಂಡ. ದಿನಕ್ಕೊಂದು ಗುಟುಕು ಕುಡಿಯುತ್ತಿದ್ದರೆ ಅವನಿಗೆ ಮುಪ್ಪು ಬರುತ್ತಿರಲಿಲ್ಲ.

ಅಂದಿನಿಂದ ನೀಲವತಿಯಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ರಾಜ ಸಿಂಹಾಸನದಲ್ಲಿ ಕೂತು ಆಕಳಿಸುತ್ತಿದ್ದ. ಕಾವಲುಗಾರರು ಭರ್ಜಿಗೆ ಒರಗಿ ನಿಂತು, ಏನನ್ನು ಕಾಯುತ್ತಿದ್ದೇವೆಂಬುದನ್ನೇ ಮರೆಯುತ್ತಿದ್ದರು. ಎತ್ತುಗಳು ಅರ್ಧ ಸಾಲು ಉತ್ತು ಹೊಲದಲ್ಲೇ ಮೊಣಕಾಲೂರುತ್ತಿದ್ದವು.

ಬಡಗಿ ಮಲ್ಲೋಜನ ಮನೆಯಲ್ಲಿ ಹಾಲುಗೂಸೊಂದಿತ್ತು. ಹುಟ್ಟಿದಾಗಿನಿಂದ ಅದು ನಿದ್ದೆಯನ್ನೇ ಕಂಡಿರಲಿಲ್ಲ. ಸುಮ್ಮನೆ ಮಾಡಿನ ತೊಲೆಯನ್ನೇ ನೋಡುತ್ತಾ ಇರುತ್ತಿತ್ತು.

"ದಿನದಿನಕ್ಕೂ ಸೊರಗ್ತಾ ಇದೆ. ಹೀಗೇ ಆದರೆ ಮಗು ನಮಗೆ ಉಳಿಯಲ್ಲ," ಎಂದಳು ಹೆಂಡತಿ ಹಾಲವ್ವ.

"ನಡುಗಡ್ಡೆಗೆ ಹೋಗಿ ಬರ್ತೀನಿ," ಎಂದ ಮಲ್ಲೋಜ. ಅವನ ದನಿಯಲ್ಲಿ ಆವೇಶವೇನೂ ಇರಲಿಲ್ಲ. ಅಷ್ಟು ಹೇಳುವುದಕ್ಕೇ ಅವನು ಸುಸ್ತಾಗಿದ್ದ.

ಹೋಗುವುದು ಸುಲಭವಿರಲಿಲ್ಲ. ರಾಜನ ದೋಣಿಗಳು ಹೊರಟಾಗ, ಮಾಂತ್ರಿಕನ ಮಂತ್ರಕ್ಕೆ ಮೊಳೆಗಳೆಲ್ಲ ಕಿತ್ತುಕೊಂಡು ಹಾರಿಹೋಗಿದ್ದವು. ಹಗ್ಗದಿಂದ ಹೊಲಿದ ದೋಣಿಗಳ ಹಗ್ಗವನ್ನು ನೀರುಹಾವುಗಳು ಕಡಿದುಹಾಕಿದ್ದವು. ಉಳಿದದ್ದು ಒಂದೇ ದಾರಿ, ಹಲಗೆಗೆ ಹಲಗೆಯನ್ನು ಅಂಟಿಸುವುದು. ಮಲ್ಲೋಜ ಮನೆಯ ಹಿತ್ತಲಲ್ಲೇ ಒಬ್ಬರು ಕೂರುವಷ್ಟು ಪುಟ್ಟ ದೋಣಿಗೆ ಹಲಗೆ ಸೀಳಿದ.

ಮೊದಲು ಜಾಲಿಮರದ ಗೋಂದು ತಂದ. ಒಣಗಿದ ಮೇಲೆ ಅದು ಕಲ್ಲಿನಂತೆ ಗಟ್ಟಿಯಾಯಿತು. ಆದರೆ ದೋಣಿ ತುಸು ದೂರ ಹೋಗುವಷ್ಟರಲ್ಲಿ ಗೋಂದು ನೀರು ಕುಡಿದು ಲೋಳೆಯಾಯಿತು, ಹಲಗೆಗಳು ಚೆಲ್ಲಾಪಿಲ್ಲಿಯಾದವು. ಮಲ್ಲೋಜ ಅವನ್ನು ಒಂದೊಂದಾಗಿ ಆಯ್ದುಕೊಂಡು ಈಜಿ ಬಂದ.

ಎರಡನೆಯ ಸಲ ಕೋಣದ ತೊಗಲು ಕುದಿಸಿ ಸರೇಸು ಎಂಬ ಅಂಟು ಮಾಡಿದ. ವಾಸನೆಗೆ ನೆರೆಯವರು ಮೂಗು ಮುಚ್ಚಿಕೊಂಡರು. ಬೆಸುಗೆ ಬಿಗಿಯಾಗಿ ಕೂತಿತು, ಕೀಲುಗಳಿಗೆ ಬಳಿದ ಮೇಣ ನೀರನ್ನು ತಡೆಯಿತು. ದೋಣಿ ಸರೋವರದ ನಡುವಿಗೆ ಬಂದಾಗ ಗುಡ್ಡದಂಥ ನೀರುಕೋಣವೊಂದು ಎದ್ದು ನಿಂತಿತು.

"ನನ್ನ ಕುಲದ ತೊಗಲಿನ ವಾಸನೆ ಬರ್ತಿದೆ. ವಾಪಸು ಕೊಡು," ಎಂದಿತು ಕೋಣ.

"ಕೊಟ್ಟರೆ ಮುಳುಗ್ತೀನಲ್ಲಪ್ಪ."

"ಮುಳುಗು," ಎಂದು ಕೋಣ ಬಿಸಿಯುಸಿರು ಬಿಟ್ಟಿತು. ಮೇಣ ಹರಿದುಹೋಯಿತು, ಸರೇಸು ಕರಗಿತು, ದೋಣಿ ಬಿಚ್ಚಿಕೊಂಡಿತು. ಮಲ್ಲೋಜನಿಗೆ ಈಜಲೂ ಕೈ ಏಳಲಿಲ್ಲ. ಸುಮ್ಮನೆ ತೇಲುತ್ತಿದ್ದವನನ್ನು ಕೋಣ ಬಹಳ ಹೊತ್ತು ನೋಡಿತು. ಅದಕ್ಕೂ ನಿದ್ದೆಯಿರಲಿಲ್ಲ, ಅದರ ಕಣ್ಣುಗಳೂ ಕೆಂಪಾಗಿದ್ದವು. ಕೊನೆಗೆ ಅವನನ್ನು ಮೂತಿಯಿಂದ ದಡಕ್ಕೆ ತಳ್ಳಿ, "ಕಾಡಿನ ಧೂಪದ ಮರವನ್ನು ಕೇಳು. ಅದರ ರಾಳ ಬಳಿದು ಬಂದರೆ ತಡೆಯಲ್ಲ," ಎಂದಿತು.

ಧೂಪದ ಮರದ ಮೈತುಂಬ ಕೊಡಲಿಯ ಗಾಯಗಳಿದ್ದವು.

"ನೀನೂ ಕಡಿಯೋಕೆ ಬಂದೆಯಾ?" ಎಂದಿತು ಮರ.

"ಇಲ್ಲ ತಾಯಿ. ಕೊಡಲಿ ಎತ್ತೋಕೆ ಕೈಯಲ್ಲಿ ಶಕ್ತಿಯಿಲ್ಲ. ಮನೆಯಲ್ಲಿ ಮಗು ಸೊರಗ್ತಿದೆ. ಸೋರಿದಷ್ಟು ಕೊಡು, ಕೂತಿರ್ತೀನಿ."

ಅವನು ಗಾಯದ ಕೆಳಗೆ ಒಂದು ಕರಟವಿಟ್ಟು, ಬುಡಕ್ಕೆ ಒರಗಿ ಕೂತ. ಹಳೆಯ ಗಾಯದಿಂದ ರಾಳ ಹನಿಹನಿಯಾಗಿ ಇಳಿಯಿತು. ಬೇಗ ಮಾಡು ಎನ್ನಲೂ ಅವನಲ್ಲಿ ಉಸಿರಿರಲಿಲ್ಲ. ಕರಟ ತುಂಬಿದಾಗ ಎದ್ದು ಕೈಮುಗಿದು ಬಂದ.

ಈ ಸಲ ಅವನು ನೇರ ದೋಣಿಗೆ ಬಳಿಯಲಿಲ್ಲ. ರಾಳ ಕರಗಿಸಿ ಎರಡು ಮರದ ಚೂರುಗಳನ್ನು ಅಂಟಿಸಿದ, ನೀರಲ್ಲಿ ನೆನೆಸಿದ, ಬಿಸಿಲಿಗಿಟ್ಟ. ಹಾಲವ್ವ ಎತ್ತಿ ಬಾಗಿಸಿದಳು. ಪಟಕ್ಕನೆ ಬಿಟ್ಟುಕೊಂಡಿತು.

"ಗಾಜಿನ ಹಾಗಿದೆ ಇದು," ಎಂದಳು. "ನೀರಲ್ಲಿ ಮರ ಉಬ್ಬುತ್ತೆ, ಅಂಟೂ ಜೊತೆಗೆ ಬಾಗಬೇಕಲ್ವಾ? ಸ್ವಲ್ಪ ಎಣ್ಣೆ ಹಾಕಿ ಕಾಯಿಸಿ ನೋಡೋಣ."

ಎಣ್ಣೆ ಹೆಚ್ಚಾದರೆ ಜಾರಿತು, ಕಡಿಮೆಯಾದರೆ ಬಿರಿಯಿತು. ಕಾಯಿಸಿ ಕಾಯಿಸಿ ಇಬ್ಬರ ಕಣ್ಣೂ ಹೊಗೆಗೆ ಊದಿಕೊಂಡವು. ಕೊನೆಗೊಂದು ಚೂರು ಎಷ್ಟು ಜಗ್ಗಿದರೂ ಬಿಡಲಿಲ್ಲ. ಹಾಲವ್ವ ಅದನ್ನು ಒಲೆಯ ಪಕ್ಕ ಇಟ್ಟು, ಅಲ್ಲೇ ಕುಸಿದು ಕೂತಳು.

ಆ ಅಂಟಿನಿಂದಲೇ ಮಲ್ಲೋಜ ಹೊಸ ಹಲಗೆಗಳನ್ನು ಜೋಡಿಸಿದ. ದೋಣಿ ಹೊರಟಿತು. ಅಲೆ ಬಡಿದಾಗ ಕೀಲುಗಳು ಕಿರ್ರೆಂದವು, ಆದರೂ ಬಾಗಿ ಹಿಡಿದುಕೊಂಡವು. ನೀರುಕೋಣ ಮೂಸಿ ನೋಡಿ ಪಕ್ಕಕ್ಕೆ ಸರಿಯಿತು.

ನಡುಗಡ್ಡೆಯಲ್ಲಿ ಧೂಮಾಕ್ಷ ಗಡಿಗೆ ತಬ್ಬಿಕೊಂಡು ಕೂತಿದ್ದ. ಮನುಷ್ಯರನ್ನು ಕಲ್ಲು ಮಾಡುವ ಅವನ ಮಂತ್ರ ಹೆದರಿದವರಿಗೆ ಮಾತ್ರ ತಗಲುತ್ತಿತ್ತು.

"ನಿನ್ನನ್ನು ಕಲ್ಲು ಮಾಡ್ತೀನಿ!" ಎಂದು ಅಬ್ಬರಿಸಿದ.

"ಮಾಡು ಮಾರಾಯ. ಕಲ್ಲಾದರೆ ಒಂದು ಕಡೆ ಬಿದ್ದಿರಬಹುದು."

ಧೂಮಾಕ್ಷ ಮಂತ್ರ ಹಾಕಿದ. ಏನೂ ಆಗಲಿಲ್ಲ. ಮಲ್ಲೋಜನಿಗೆ ಹೆದರುವಷ್ಟೂ ತ್ರಾಣವಿರಲಿಲ್ಲ. ಅವನು ನಡೆದು ಬಂದು, ಗಡಿಗೆ ಕಿತ್ತುಕೊಂಡು ಬಂಡೆಗೆ ಅಪ್ಪಳಿಸಿದ. ಹಾಲಿನಂಥ ಮಂಜು ಎದ್ದು ಸರೋವರದ ಮೇಲೆ ಹರಡಿತು. ತಡೆದಿಟ್ಟ ಮುಪ್ಪೆಲ್ಲ ಒಮ್ಮೆಗೇ ಮೇಲೆ ಬಿದ್ದು ಧೂಮಾಕ್ಷ ಒಂದು ಹಿಡಿ ಬೂದಿಯಾದ.

ಮಲ್ಲೋಜ ತುಟಿ ಕಚ್ಚಿಕೊಂಡು ಎಚ್ಚರವಿದ್ದು ಹುಟ್ಟು ಹಾಕಿದ. ದಡದಲ್ಲಿ ಬಟ್ಟೆ ಒಗೆಯುವವರು ಬಟ್ಟೆಯ ಮೇಲೇ ಮಲಗಿದ್ದರು. ಮನೆಯ ಹೊಸ್ತಿಲಲ್ಲಿ ಹಾಲವ್ವ ಬಾಗಿಲಿಗೊರಗಿ ನಿದ್ರಿಸುತ್ತಿದ್ದಳು. ಮಡಿಲಲ್ಲಿ ಮಗು ಮುಷ್ಟಿ ಬಿಗಿದು, ಬಾಯಿ ತುಸು ತೆರೆದು ಮಲಗಿತ್ತು. ಅವನು ಯಾರನ್ನೂ ಎಬ್ಬಿಸಲಿಲ್ಲ. ಒದ್ದೆ ಬಟ್ಟೆಯಲ್ಲೇ ಪಕ್ಕದಲ್ಲಿ ಉರುಳಿದ.

ಊರು ಎದ್ದ ಮೇಲೆ ಎತ್ತುಗಳು ಉತ್ತವು, ಒಲೆಗಳು ಹತ್ತಿದವು, ಮಗುವಿನ ಕೆನ್ನೆ ತುಂಬಿಕೊಂಡಿತು. ಅಂದಿನಿಂದ ನೀಲವತಿಯ ಜನ ಹಗಲು ದುಡಿದು ರಾತ್ರಿ ಮಲಗಿ ಸುಖವಾಗಿದ್ದರು. ರಾಜ ಉಡುಗೊರೆ ಕೊಟ್ಟು ಪಲ್ಲಕ್ಕಿ ಕಳಿಸಿದಾಗ ಹಾಲವ್ವ ಬಾಗಿಲಲ್ಲೇ ನಿಂತು, "ಅವರು ಮಲಗಿದ್ದಾರೆ, ನಾಳೆ ಬನ್ನಿ," ಎಂದಳು.

ಮರುದಿನ ಬಂದರು. ಮಲ್ಲೋಜ ಇನ್ನೂ ಮಲಗಿದ್ದ.